ಇದೇ ಬೇಕು, ಇವತ್ತೇ ಬೇಕು

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ 2 ಸಾವಿರ ರೂಪಾಯಿ ದಾಟಿತ್ತು. ರೈತರು ರಾತ್ರಿಯೆಲ್ಲ ತೋಟದಲ್ಲೇ ಮಲಗಿ ಕಾವಲು ಕಾಯುತ್ತಿದ್ದಾರೆ ಅಂತ ಪೇಪರ್‌ನಲ್ಲಿ ಬರುತ್ತಿತ್ತು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ನಮ್ಮೂರಲ್ಲೇ ಇದೆ. ಆದರೂ ಆ ತಿಂಗಳು ಊರಿನ ಎಷ್ಟೋ ಅಡುಗೆಮನೆಗಳಲ್ಲಿ ಟೊಮೆಟೊ ಇರಲಿಲ್ಲ. ಲಾರಿಗಟ್ಟಲೆ ಮಾಲು ಕಣ್ಣೆದುರೇ ಹೊರ ರಾಜ್ಯಗಳಿಗೆ ಹೋಗುತ್ತಿತ್ತು. ನಾವು ಅಂಗಡಿಯಲ್ಲಿ ಕಾಲು ಕೆಜಿ ಕೇಳೋಕೂ ಹಿಂದೆಮುಂದೆ ನೋಡುತ್ತಿದ್ದೆವು.

ಆಗ ನಮ್ಮ ಬೀದಿಯಲ್ಲಿ ಎರಡು ಥರದ ಮನೆಗಳಿದ್ದವು. ಸರ್ಕಾರವನ್ನು, ದಲ್ಲಾಳಿಗಳನ್ನು, ಮಳೆಯನ್ನು ಬೈದುಕೊಂಡು ದಿನಾ ಟೊಮೆಟೊ ತಂದವರು ಒಂದು ಕಡೆ. ಟೊಮೆಟೊ ಅನ್ನೋದು ಒಂದಿತ್ತು ಅನ್ನೋದನ್ನೇ ಮರೆತವರು ಇನ್ನೊಂದು ಕಡೆ. ನಮ್ಮ ಅತ್ತೆ ಎರಡನೇ ಗುಂಪಿನವರು. "ಸಾರಿಗೆ ಹುಳಿ ಇರಬೇಕು ಕಣಮ್ಮ, ಅದು ಎಲ್ಲಿಂದ ಬಂದರೇನು?" ಅಂದರು. ಹುಣಸೆಹಣ್ಣಿನ ಜಾಡಿ ಇಳಿಸಿದರು. ಅಷ್ಟೇ. ಊರೆಲ್ಲ ಟೊಮೆಟೊ ಟೊಮೆಟೊ ಅಂತಿದ್ದಾಗ ನಮ್ಮನೆಯಲ್ಲಿ ಅದರ ಮಾತೇ ಇರಲಿಲ್ಲ.

ಆವಾಗಿನಿಂದ ಮನೆ ಖರ್ಚಿನ ಪುಸ್ತಕವನ್ನು ನಾನು ಬೇರೆ ಥರ ಓದೋಕೆ ಶುರು ಮಾಡಿದೆ. ಯಾವ ಸಾಮಾನು ದುಬಾರಿ ಅಂತ ನೋಡೋದು ಬಿಟ್ಟು, ಎಲ್ಲೆಲ್ಲಿ ನಾವು ಹಠ ಹಿಡಿದಿದ್ದೆವು ಅಂತ ನೋಡಿದೆ. ಇದೇ ತರಕಾರಿ ಬೇಕು. ಇದೇ ಕಂಪನಿಯದು ಬೇಕು. ಇವತ್ತೇ ಬೇಕು, ನಾಳೆ ಆಗಲ್ಲ. ನಮ್ಮಂಥ ಮನೆಯಲ್ಲಿ, ಅಂದರೆ ಒಬ್ಬರು ನರಸಾಪುರದ ಕಾರ್ಖಾನೆಗೆ ಹೋಗಿ ಬಂದು, ಇನ್ನೊಬ್ಬರು ಚಿಕ್ಕ ಕೆಲಸ ಮಾಡಿಕೊಂಡು, ಎರಡು ಮಕ್ಕಳು, ಒಬ್ಬರು ಅತ್ತೆ ಇರುವ ಮನೆಯಲ್ಲಿ, ದುಡ್ಡು ಜಾಸ್ತಿ ಸೋರುವುದು ಈ ಮಾತುಗಳಲ್ಲೇ. ಮೊಬೈಲ್‌ನಲ್ಲಿ ಬರುವ 'ಉಳಿತಾಯದ 10 ಸೂತ್ರ'ಗಳಲ್ಲಿ ಇದನ್ನು ಯಾರೂ ಹೇಳಲ್ಲ. ಅವರು ಹೋಟೆಲ್ ಕಾಫಿ ಬಿಡಿ ಅಂತಾರೆ. ನಾವು ಹೋಟೆಲ್ ಕಾಫಿ ಕುಡಿಯೋರೇ ಅಲ್ಲ, ಏನನ್ನು ಬಿಡೋಣ?

ಹುಳಿಯ ಮಾತಿಗೇ ಬರ್ತೀನಿ. ಕೋಲಾರದ ಕಡೆ ಹುಳಿಗೆ ಬರ ಇಲ್ಲ. ಫೆಬ್ರವರಿ, ಮಾರ್ಚ್‌ಗೆ ಹೊಸ ಹುಣಸೆಹಣ್ಣು ಬರುತ್ತದೆ. ಬೇಸಿಗೆಯಲ್ಲಿ ಹುಣಸೆ ಮರ ಚಿಗುರಿದರೆ ಆ ಚಿಗುರನ್ನೇ ಬೇಳೆಗೆ ಹಾಕಬಹುದು. ನಮ್ಮ ಕಡೆ ಅರ್ಧ ಜನ ಅದನ್ನು ಚಿಂತಚಿಗುರು ಅಂತಲೇ ಅನ್ನುತ್ತಾರೆ, ಆಂಧ್ರ ಪಕ್ಕದಲ್ಲೇ ಇದೆಯಲ್ಲ. ಏಪ್ರಿಲ್, ಮೇ ಗಾಳಿಗೆ ಶ್ರೀನಿವಾಸಪುರದ ತೋಟಗಳಲ್ಲಿ ಮಾವಿನಕಾಯಿ ಉದುರುತ್ತದೆ. ಉದುರಿದ ಕಾಯಿ ಅಂದರೆ ಬೆಲೆ ಕಡಿಮೆ, ಸಾರಿಗೆ ಏನೂ ಮೋಸ ಇಲ್ಲ. ಮಾವಿನಕಾಯಿ ಹಾಕಿದ ತೊಗರಿಬೇಳೆ ಮುಂದೆ ಟೊಮೆಟೊ ಸಾರು ಸಪ್ಪೆ, ಇದು ನನ್ನ ಅಭಿಪ್ರಾಯ. ಮಳೆಗಾಲಕ್ಕೆ ನಿಂಬೆಹಣ್ಣು ಇಳಿಯುತ್ತದೆ. ಗೋಂಗೂರ ಸೊಪ್ಪಿದೆ. ಹುಳಿ ಮಜ್ಜಿಗೆ ಇದೆ. ಟೊಮೆಟೊ ಅಗ್ಗ ಆದಾಗ ಟೊಮೆಟೊ. ವರ್ಷದಲ್ಲಿ ಯಾವುದೋ ಒಂದು ಹುಳಿ ಸಸ್ತಾ ಇದ್ದೇ ಇರುತ್ತದೆ. ಯಾವುದು ಅಂತ ಮಾರ್ಕೆಟ್ಟಿನಲ್ಲಿ ನಿಂತು ನೋಡಿದ ಮೇಲೆ ಸಾರು ತೀರ್ಮಾನ ಮಾಡಬೇಕು. ಮನೆಯಲ್ಲೇ ಸಾರು ತೀರ್ಮಾನ ಮಾಡಿಕೊಂಡು ಹೋದರೆ ಅಂಗಡಿಯವರು ಹೇಳಿದ್ದೇ ರೇಟು.

ಹುಣಸೆಹಣ್ಣಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ಬೀಜ ತೆಗೆದ ಹಣ್ಣು, ಸಿಪ್ಪೆ ಮಾತ್ರ ತೆಗೆದು ಬೀಜ ಇರುವ ಹಣ್ಣು, ಸಿಪ್ಪೆ, ನಾರು, ಬೀಜ ಎಲ್ಲ ಇರುವ ಕಾಯಿ, ಹೀಗೆ ಮೂರು ಥರ ಸಿಗುತ್ತದೆ. ಸಿಪ್ಪೆ ಸಮೇತ ತೂಗಿದ ಕಾಯಿಯಲ್ಲಿ ತಿರುಳು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಮೂರನೇ ಒಂದು ಭಾಗ ಬೀಜ. ಉಳಿದದ್ದು ಸಿಪ್ಪೆ, ನಾರು. ಅಂದಮೇಲೆ ಬೀಜ ತೆಗೆದ ಹಣ್ಣಿನ ರೇಟು ಕಾಯಿಯ ರೇಟಿನ ಎರಡರಷ್ಟಿದ್ದರೆ ಸುಮ್ನೆ ಬೀಜ ತೆಗೆದದ್ದನ್ನೇ ತರಬಹುದು, ಮನೆಯಲ್ಲಿ ಕುಟ್ಟಿ ಲಾಭ ಇಲ್ಲ. ಮೂರರಷ್ಟಿದ್ದರೆ ಕೂತು ಬಿಡಿಸಬಹುದು. ಅತ್ತೆ ಈ ಗುಣಾಕಾರವನ್ನು ಮಾರ್ಕೆಟ್ಟಿನಲ್ಲೇ ನಿಂತು ಮಾಡುತ್ತಾರೆ, ಬೆರಳಲ್ಲಿ.

ತಂದ ಹಣ್ಣನ್ನು ತಾರಸಿಯಲ್ಲಿ ಒಣಗಿಸಿ, ಒಂದು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಲ್ಲಿ ಮೆಲ್ಲಗೆ ತಟ್ಟಿ, ಬೀಜ ತೆಗೆಯುತ್ತಾರೆ. ಜೋರಾಗಿ ಹೊಡೆದರೆ ಬೀಜದ ಚೂರು ಹಣ್ಣಿನೊಳಗೆ ಸೇರಿಕೊಂಡು ಸಾರಿನಲ್ಲಿ ಹಲ್ಲಿಗೆ ಸಿಗುತ್ತದೆ. ಆಮೇಲೆ ಒಂದು ಪದರ ಹಣ್ಣು, ಒಂದು ಹಿಡಿ ಕಲ್ಲುಪ್ಪು, ಮತ್ತೆ ಹಣ್ಣು. ಜಾಡಿ ತುಂಬಿ ಬಟ್ಟೆ ಕಟ್ಟಿದರೆ ವರ್ಷದ ಮಾತು ಮುಗಿಯಿತು. ಹಳೆಯದಾಗುತ್ತಾ ಹಣ್ಣು ಕಪ್ಪಾಗುತ್ತದೆ, ಹುಳಿ ಜಾಸ್ತಿಯಾಗುತ್ತದೆ. ಗೋಲಿ ಗಾತ್ರ ಹಾಕುತ್ತಿದ್ದ ಕಡೆ ಕಡಲೆಕಾಳಿನಷ್ಟು ಸಾಕು. ಒದ್ದೆ ಕೈ ಹಾಕಿದವರಿಗೆ ಮಾತ್ರ ನಮ್ಮನೆಯಲ್ಲಿ ಕ್ಷಮೆ ಇಲ್ಲ.

ಟೊಮೆಟೊ ಬೆಲೆ ಬಿದ್ದುಹೋದಾಗ ತೊಕ್ಕು ಮಾಡಿಟ್ಟುಕೊಳ್ಳುತ್ತೇವೆ. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸು ಬರಲ್ಲ. ಬೆಲೆ ಬೀಳುವುದು ನಮಗೆ ಅಗ್ಗ, ಬೆಳೆದವರಿಗೆ ಅದೇ ಹೊಡೆತ. ನಮ್ಮ ಭಾವ ಮುಳಬಾಗಿಲು ಕಡೆ ಟೊಮೆಟೊ ಇಡುತ್ತಾರೆ. 2023ರ ಆ ಬಂಗಾರದ ತಿಂಗಳಲ್ಲಿ ಅವರ ತೋಟದಲ್ಲಿ ಟೊಮೆಟೊ ಇರಲಿಲ್ಲ, ಕೋಸು ಇತ್ತು. ಅದನ್ನು ನೆನೆಸಿಕೊಂಡು ಈಗಲೂ ನಗುತ್ತಾರೆ, ಆದರೆ ಆ ನಗು ನೋಡೋಕೆ ಕಷ್ಟ. ಬಾಕ್ಸ್ 100 ರೂಪಾಯಿ ಆಸುಪಾಸು ಬಂದರೆ ಕೀಳುವ ಕೂಲಿ, ಗಾಡಿ ಬಾಡಿಗೆ, ಮಂಡಿ ಕಮಿಷನ್ ಕಳೆದು ಕೈಗೆ ಏನೂ ಬರಲ್ಲ. ಆಗ ಕೀಳದೆ ಬಿಡುವುದೇ ಲಾಭ. 2025ರ ಜೂನ್‌ನಲ್ಲಿ ತೋತಾಪುರಿ ಮಾವಿಗೂ ಅದೇ ಗತಿ ಬಂತು. ಪಕ್ಕದ ಚಿತ್ತೂರು ಜಿಲ್ಲೆ ನಮ್ಮ ಕಾಯಿ ಒಳಗೆ ಬಿಡಲಿಲ್ಲ. ಶ್ರೀನಿವಾಸಪುರದಲ್ಲಿ ರೈತರು ಬೀದಿಗಿಳಿದರು. ಕೊನೆಗೆ ಕ್ವಿಂಟಲ್‌ಗೆ 1,616 ರೂಪಾಯಿ ದರ ಇಟ್ಟು, ಕಮ್ಮಿ ಬಿದ್ದದ್ದನ್ನು ಕೇಂದ್ರ, ರಾಜ್ಯ ಅರ್ಧರ್ಧ ತುಂಬಿಕೊಡುವುದು ಅಂತಾಯಿತು. ಕೆಜಿಗೆ 16 ರೂಪಾಯಿ. ನಾವು ಒಂದು ಬಿಸ್ಕತ್ ಪೊಟ್ಟಣಕ್ಕೆ ಚೌಕಾಸಿ ಮಾಡದೆ ಕೊಡುವಷ್ಟು.

ಹಾಗಾಗಿ ನಮ್ಮನೆಯಲ್ಲಿ ಒಂದು ಕಟ್ಟುಪಾಡು ಇದೆ. ಸೊಪ್ಪು ಮಾರುವವರ ಹತ್ತಿರ ಚೌಕಾಸಿ ಇಲ್ಲ. ನೆಲದಲ್ಲಿ ಗೋಣಿಚೀಲ ಹಾಸಿಕೊಂಡು ಕೂತ ಅಜ್ಜಿ ಹತ್ತಿರ 5 ರೂಪಾಯಿ ಬಿಡಿಸಿಕೊಂಡು, ಎಸಿ ಅಂಗಡಿಯಲ್ಲಿ ಬಿಲ್ ನೋಡದೆ ಕಾರ್ಡ್ ಉಜ್ಜುವುದು ಯಾವ ಉಳಿತಾಯ ಹೇಳಿ.

ಆ ಅಜ್ಜಿಯ ಹತ್ತಿರ ಮಳೆ ಬಿದ್ದ ಮೇಲೆ ಬೆರಕೆ ಸೊಪ್ಪು ಸಿಗುತ್ತದೆ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ್ದು. ಅಣ್ಣೆ ಸೊಪ್ಪು, ಕೀರೆ ಸೊಪ್ಪು, ಇನ್ನೂ ಏನೇನೋ, ಒಂದೇ ಕಟ್ಟಿನಲ್ಲಿ. ಇದೇ ಸೊಪ್ಪು ಬೇಕು ಅಂತ ಕೇಳುವ ಹಾಗಿಲ್ಲ, ಬಂದದ್ದು ಬಂತು. ಅದರಲ್ಲಿ ಮಾಡುವ ಬಸ್ಸಾರನ್ನು ನಾನು ಹಳೇ ಮೈಸೂರಿನ ಅತಿ ಜಾಣ ಅಡುಗೆ ಅಂತೀನಿ. ಒಂದು ಪಾತ್ರೆ, ಒಂದು ಉರಿ, ಎರಡು ಅಡುಗೆ.

ರಾತ್ರಿ ಹುರುಳಿಕಾಳೋ ಅಲಸಂದೆಯೋ ನೆನೆಹಾಕಿರುತ್ತೀವಿ. ನೆನೆದರೆ ಗ್ಯಾಸ್ ಕಮ್ಮಿ ಸಾಕು. ಬೆಳಗ್ಗೆ ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹೆಚ್ಚಿ ಹಾಕಿ, ಉಪ್ಪು ಹಾಕಿ, ಸೊಪ್ಪಿನ ಬಣ್ಣ ಕೆಡುವ ಮೊದಲು ಇಳಿಸಬೇಕು. ಪಾತ್ರೆಗೆ ತಟ್ಟೆ ಮುಚ್ಚಿ ಬಸಿದರೆ ಬೆಂದ ನೀರು, ಅಂದರೆ ಕಟ್ಟು, ಒಂದು ಕಡೆ, ಕಾಳು-ಸೊಪ್ಪು ಇನ್ನೊಂದು ಕಡೆ. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು ಹುರಿದು, ಒಂದಿಷ್ಟು ತೆಂಗಿನಕಾಯಿ, ಕೊತ್ತಂಬರಿ, ಹುಣಸೆಹಣ್ಣು, ಬೆಂದ ಕಾಳು-ಸೊಪ್ಪಿನದೇ ಒಂದು ಹಿಡಿ ಸೇರಿಸಿ ರುಬ್ಬಬೇಕು. ಆ ಒಂದು ಹಿಡಿಯಲ್ಲೇ ಸಾರಿನ ಮಂದ ಇರುವುದು. ಕಾಯಿ ದುಬಾರಿಯಾದ ದಿನ ಕಾಳಿನ ಹಿಡಿ ದೊಡ್ಡದು ಮಾಡಿ ಕಾಯಿ ಕಮ್ಮಿ ಮಾಡಿದರೆ ಊಟ ಮಾಡುವವರಿಗೆ ಗೊತ್ತೇ ಆಗಲ್ಲ. ರುಬ್ಬಿದ್ದನ್ನು ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಮುದ್ದೆಗೆ ಸಾರು, ನೆಂಚಿಕೊಳ್ಳೋಕೆ ಪಲ್ಯ. ಮಾರನೇ ದಿನ ಅದೇ ಸಾರು ಇನ್ನೂ ರುಚಿ. ಬೇಯಿಸಿದ ನೀರನ್ನು ಚೆಲ್ಲುವ ಅಡುಗೆಗಳನ್ನು ಟಿವಿಯಲ್ಲಿ ನೋಡಿದಾಗ ಅತ್ತೆ "ಅಯ್ಯೋ, ಸಾರನ್ನೇ ಚೆಲ್ಲಿಬಿಟ್ಟಳಲ್ಲ" ಅಂತಾರೆ.

ರಾಗಿಯನ್ನು ಸುಗ್ಗಿ ಮುಗಿದ ಮೇಲೆ ಮೂಟೆ ಲೆಕ್ಕದಲ್ಲಿ ತೆಗೆದುಕೊಳ್ಳುತ್ತೇವೆ. ಕೇರಿ, ಕಲ್ಲು ಆರಿಸಿ, ಬೇಕಾದಷ್ಟೇ ಗಿರಣಿಗೆ. ಒಂದೇ ಸಲ ಎಲ್ಲ ಬೀಸಿಸಿದರೆ ಹಿಟ್ಟು ಕೆಡುತ್ತದೆ. ಕಾಳಾಗಿದ್ದರೆ ರಾಗಿ ವರ್ಷಗಟ್ಟಲೆ ಕೂರುತ್ತದೆ, ಹುಳ ಕೂಡ ಹತ್ತಿರ ಸುಳಿಯುವುದು ಕಮ್ಮಿ.

ಇದನ್ನೆಲ್ಲ ಓದಿ "ಎಷ್ಟು ಚೆನ್ನಾಗಿ ಉಳಿಸ್ತೀರ" ಅಂತ ಯಾರಾದರೂ ಅಂದರೆ ನನಗೆ ಸ್ವಲ್ಪ ಮುಜುಗರ. ಈ ಉಳಿತಾಯದ ಕೂಲಿ ಯಾರದು? ಹುಣಸೆ ಕುಟ್ಟಿದ್ದು ಅತ್ತೆ. ಸೊಪ್ಪು ಬಿಡಿಸಿದ್ದು ಅತ್ತೆ. ರಾಗಿ ಕೇರಿದ್ದು ಅತ್ತೆ. ಅವರು ಮಂಡಿ ನೋವಿಗೆ ಅಂತ ಮಗಳ ಮನೆಯಲ್ಲಿ ಉಳಿದುಕೊಂಡಾಗ ನಮ್ಮ ದಿನಸಿ ಬಿಲ್ಲು ಹೇಗೆ ಏರಿತು ಅನ್ನೋದು ಪುಸ್ತಕದಲ್ಲೇ ಇದೆ. ರೆಡಿ ಇಡ್ಲಿ ಹಿಟ್ಟು, ಬಿಡಿಸಿದ ಬೆಳ್ಳುಳ್ಳಿ, ರಾತ್ರಿ ಪಾರ್ಸೆಲ್. ನಾವೇನೂ ಅವತ್ತಿಂದ ದುಂದುವೆಚ್ಚದವರಾಗಲಿಲ್ಲ. ಬಿಟ್ಟಿಯಾಗಿ ಸಿಗುತ್ತಿದ್ದ ಎರಡು ಕೈ ಮನೆಯಲ್ಲಿರಲಿಲ್ಲ ಅಷ್ಟೇ. ನಾನು ಬಸ್ಸಿಳಿದು ಮನೆಗೆ ಬರುವ ಹೊತ್ತಿಗೆ ಸೊಪ್ಪು ಬಿಡಿಸುವ ತಾಳ್ಮೆ ಉಳಿದಿರುತ್ತಿರಲಿಲ್ಲ.

ಅವರು ವಾಪಸ್ ಬಂದ ಮೇಲೆ ಒಂದು ಬದಲಾವಣೆ ಆಯಿತು. ಡಿಸೆಂಬರ್ ಬಂದರೆ ಅವರೆಕಾಯಿ. ಸೊಗಡು ಇರುವ ಕಾಯಿ ಮನೆಗೆ ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಒಂದು ಕೆಜಿ ಕಾಯಿ ಬಿಡಿಸಿದರೆ ಅರ್ಧ ಕೆಜಿ ಕಾಳೂ ಸಿಗಲ್ಲ. ಅದನ್ನು ನೆನೆಸಿ ಹಿಸುಕಿ ಹಿತಕಿದ ಬೇಳೆ ಮಾಡಿದರೆ ಇನ್ನೂ ಕಮ್ಮಿ. ಅದಕ್ಕೇ ಮಾರ್ಕೆಟ್ಟಿನಲ್ಲಿ ಹಿತಕಿದ ಬೇಳೆಗೆ ಆ ರೇಟು. ಆ ರೇಟು ಸರಿಯಾಗೇ ಇದೆ, ಒಂದು ಬಟ್ಟಲು ಹಿತಕಿ ನೋಡಿದರೆ ಬೆರಳ ತುದಿಯೇ ಹೇಳುತ್ತದೆ. ಈಗ ನಮ್ಮನೆಯಲ್ಲಿ ಟಿವಿ ಮುಂದೆ ಮೊರ ಇಟ್ಟುಕೊಂಡು ಎಲ್ಲರೂ ಬಿಡಿಸಬೇಕು. ನಮ್ಮ ಯಜಮಾನರು ಮೊದಲು "ನನಗೆ ಬರಲ್ಲ" ಅಂದರು. "ಫ್ಯಾಕ್ಟರಿಯಲ್ಲಿ ಮೆಷಿನ್ ಓಡಿಸೋಕೆ ಬರುತ್ತೆ, ಅವರೆಕಾಯಿ ಸಿಪ್ಪೆ ತೆಗೆಯೋಕೆ ಬರಲ್ವೇನೋ?" ಅಂದರು ಅತ್ತೆ. ಈಗ ಮಗನಿಗಿಂತ ಇವರದ್ದೇ ಕೈ ಜೋರು.

ಅಂಗಡಿ ಸಾಮಾನಿನ ವಿಷಯಕ್ಕೆ ಬಂದರೆ ನನಗೆ ಕನ್ನಡಕ ಬೇಕು. ಪ್ಯಾಕೆಟ್ ಹಿಂದೆ ಬರೆದಿರುವ ಸಣ್ಣ ಅಕ್ಷರಕ್ಕೆ. ಎಣ್ಣೆ ತೆಗೆದುಕೊಳ್ಳಿ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ 910 ಗ್ರಾಂ ಆಸುಪಾಸು ತೂಗುತ್ತದೆ. ಪಕ್ಕದಲ್ಲೇ ಅಷ್ಟೇ ದಪ್ಪ ಕಾಣುವ ಇನ್ನೊಂದು ಪ್ಯಾಕೆಟ್ 5 ರೂಪಾಯಿ ಕಮ್ಮಿ. ತಿರುಗಿಸಿ ನೋಡಿದರೆ 850 ಗ್ರಾಂ. ಅಗ್ಗ ಅಂದುಕೊಂಡದ್ದೇ ದುಬಾರಿ. ಪ್ಯಾಕೆಟ್ ಮೇಲೆ ಗ್ರಾಂಗೆ ಇಷ್ಟು, ಎಂಎಲ್‌ಗೆ ಇಷ್ಟು ಅಂತ ಬಿಡಿ ಬೆಲೆಯನ್ನೂ ಈಗ ಹಾಕಬೇಕು ಅಂತ ನಿಯಮ ಇದೆ. ಎಂಆರ್‌ಪಿ ಪಕ್ಕದಲ್ಲೇ ಇರುತ್ತದೆ. ನೋಡುವವರು ಕಮ್ಮಿ. ನೋಡಿದರೆ ಕೆಲವು ಸಲ ಆಶ್ಚರ್ಯ ಕಾದಿರುತ್ತದೆ. ದೊಡ್ಡದು ತಂದರೆ ಲಾಭ ಅನ್ನೋದು ಎಲ್ಲ ಕಡೆ ನಿಜ ಅಲ್ಲ. ಶಾಂಪೂವಿನಲ್ಲಿ ಎಷ್ಟೋ ಸಲ ಬಾಟಲಿಗಿಂತ ಸ್ಯಾಷೆಯೇ ಅಗ್ಗ. ಕಸ ಜಾಸ್ತಿ ಅನ್ನೋದು ಬೇರೆ ಮಾತು. ಬಿಸ್ಕತ್ತಿನಲ್ಲಿ ರೇಟು ಹಾಗೇ ಇರುತ್ತದೆ, ಗ್ರಾಂ ಸದ್ದಿಲ್ಲದೆ ಇಳಿಯುತ್ತದೆ.

ಹಾಲಿನದ್ದೂ ನೆನಪಿರಬಹುದು. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್‌ಗೆ 2 ರೂಪಾಯಿ ಏರಿಸಿ, 50 ಎಂಎಲ್ ಹಾಲು ಜಾಸ್ತಿ ಕೊಟ್ಟರು. 2025ರ ಏಪ್ರಿಲ್ 1ರಿಂದ ಆ 50 ಎಂಎಲ್ ವಾಪಸ್ ತೆಗೆದು, ಲೀಟರ್‌ಗೆ 4 ರೂಪಾಯಿ ಏರಿಸಿದರು. ಹಸು ಕಟ್ಟಿದವರಿಗೆ ಹೋಗುವ ದುಡ್ಡು ಅಂದಮೇಲೆ ನಾನು ಗೊಣಗಲ್ಲ, ನಮ್ಮ ಜಿಲ್ಲೆಯ ಅರ್ಧ ಮನೆ ನಡೆಯುವುದೇ ಡೇರಿ ದುಡ್ಡಲ್ಲಿ. ಆದರೆ ಮನೆಯಲ್ಲೇ ಹೆಪ್ಪು ಹಾಕಿದರೆ ಎಷ್ಟು ಉಳಿಯುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿದೆ. ಅರ್ಧ ಕೆಜಿಗೆ ಕೆಲವೇ ರೂಪಾಯಿ. ಅಷ್ಟಕ್ಕೆ ಪ್ಯಾಕೆಟ್ ಮೊಸರು ತಂದವರನ್ನು ಬೈಯಬೇಕಿಲ್ಲ. ನಾವು ಹೆಪ್ಪು ಹಾಕುವುದು ರುಚಿಗೆ.

ಹೀಗೆ ಬಿಟ್ಟುಬಿಡಬಹುದಾದ ಉಳಿತಾಯಗಳೂ ಇವೆ. ಅಲ್ಲೆಲ್ಲೋ ಸಕ್ಕರೆ 2 ರೂಪಾಯಿ ಕಮ್ಮಿ ಅಂತ ಗಾಡಿ ಹತ್ತುವುದು ಅದರಲ್ಲಿ ಮೊದಲನೆಯದು. ಪೆಟ್ರೋಲ್ ಲೀಟರ್‌ಗೆ 100 ದಾಟಿದೆ. ಗಾಡಿ 50 ಕಿಲೋಮೀಟರ್ ಕೊಟ್ಟರೂ ಪ್ರತಿ ಕಿಲೋಮೀಟರ್‌ಗೆ 2 ರೂಪಾಯಿ. ಹೋಗಿ ಬರುವಷ್ಟರಲ್ಲಿ ಸಕ್ಕರೆಯ ಲಾಭ ರಸ್ತೆಯಲ್ಲೇ ಮುಗಿದಿರುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತಲ್ಲ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಮ್ಮ ಮನೆಯ ಸಂತೆ ಕೆಲಸ ಅವತ್ತಿಂದ ಬೈಕಿನಿಂದ ಬಸ್ಸಿಗೆ ಬಂತು. ಬಸ್ ಫ್ರೀ ಅಂತ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಿ ಸೀರೆ ಹೊತ್ತುಕೊಂಡು ಬಂದವರ ಹೆಸರು ನಾನು ಇಲ್ಲಿ ಬರೆಯಲ್ಲ, ಅವರು ಇದನ್ನು ಓದುತ್ತಾರೆ.

ಕರೆಂಟಿನದ್ದು ಚಿಕ್ಕ ಮಾತು. ಗೃಹಜ್ಯೋತಿಯಲ್ಲಿ ಹಳೇ ಸರಾಸರಿಗಿಂತ ಸ್ವಲ್ಪ ಜಾಸ್ತಿ ಉರಿಸಿದರೂ ಫ್ರೀ. ಆದರೆ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. 2 ಸಾವಿರ ವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ಒಂದು ಯೂನಿಟ್, ತಿಂಗಳಿಗೆ 30. ಸ್ವಿಚ್ ಆಫ್ ಮಾಡೋದು ಮರೆಯುವವರು ಇರುವ ಮನೆಯಲ್ಲಿ ಇದರ ಎರಡರಷ್ಟು.

ಮಾತ್ರೆಗಳಲ್ಲಿ ಹಠ ಬಿಟ್ಟರೆ ಉಳಿಯುವುದು ನಿಜವಾಗಿ ದೊಡ್ಡ ಮೊತ್ತ. ಅತ್ತೆಗೆ ಬಿಪಿ, ಶುಗರ್ ಎರಡೂ ಇದೆ. ಡಾಕ್ಟರನ್ನು ಕೇಳಿ ಚೀಟಿಯಲ್ಲಿ ಔಷಧದ ಹೆಸರನ್ನೇ ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ತರುತ್ತೇವೆ. ಮೊದಲಿನ ಬಿಲ್ಲಿನ ಅರ್ಧವೂ ಆಗಲ್ಲ. ಬಣ್ಣ ಬೇರೆ ಇದೆ ಅಂತ ಅತ್ತೆ ಮೊದಲು ನುಂಗಲೇ ಇಲ್ಲ. ಡಾಕ್ಟರೇ ಹೇಳಬೇಕಾಯಿತು. ಅವರನ್ನು ಕೇಳದೆ ಮಾತ್ರೆ ಬದಲಾಯಿಸುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ, ಅಲ್ಲಿ ಉಳಿತಾಯ ಮುಖ್ಯ ಅಲ್ಲ.

ಇವತ್ತೇ ಬೇಕು ಅನ್ನೋದರ ಪೂರ್ತಿ ಬೆಲೆ ನೋಡಬೇಕಾದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಹೂವಿನ ಅಂಗಡಿ ಮುಂದೆ ನಿಲ್ಲಬೇಕು. ಕೋಲಾರ, ಚಿಕ್ಕಬಳ್ಳಾಪುರ ಎರಡೂ ಹೂವು ಬೆಳೆಯುವ ಜಿಲ್ಲೆ. ಆದರೂ ಕನಕಾಂಬರದ ರೇಟು ಕೇಳಿದರೆ ಕೈಯಲ್ಲಿದ್ದ ಚೀಲ ಜಾರುತ್ತದೆ. ಸೇವಂತಿಗೆಯನ್ನು ಮಂಗಳವಾರವೋ ಬುಧವಾರವೋ ತಂದು ಒದ್ದೆ ಬಟ್ಟೆ ಸುತ್ತಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿಟ್ಟರೆ ಶುಕ್ರವಾರಕ್ಕೆ ಬಾಡಲ್ಲ. ಕನಕಾಂಬರ ನಮ್ಮ ತಾರಸಿಯ ಕುಂಡದಲ್ಲೇ ಒಂದು ಮೊಳಕ್ಕೆ ಆಗುವಷ್ಟು ಬಿಡುತ್ತದೆ. ಲಕ್ಷ್ಮಿಗೆ ಅಷ್ಟು ಸಾಕು ಅಂತ ನಾನು, ಸಾಲದು ಅಂತ ಅತ್ತೆ. ಪ್ರತಿ ವರ್ಷ ಒಂದು ಮೊಳ ಕೊಂಡು ಸೇರಿಸುತ್ತೇವೆ. ಎಲ್ಲದರಲ್ಲೂ ಗೆಲ್ಲೋಕಾಗಲ್ಲ.

ಮಕ್ಕಳದ್ದು ಕೇಳಲೇ ಬೇಡಿ. ರಾತ್ರಿ 9 ಗಂಟೆಗೆ "ಅಮ್ಮಾ, ನಾಳೆ ಪ್ರಾಜೆಕ್ಟ್ ಕೊಡಬೇಕು, ಚಾರ್ಟ್ ಪೇಪರ್ ಬೇಕು" ಅನ್ನುವ ದನಿಗೆ ಎಷ್ಟು ದುಡ್ಡಾದರೂ ಸೋಲುತ್ತದೆ. ಈಗ ಬೀರುವಿನ ಹಿಂದೆ ಚಾರ್ಟ್ ಪೇಪರ್ ಸುರುಳಿ, ಡಬ್ಬದಲ್ಲಿ ಗೋಂದು, ಸ್ಕೆಚ್ ಪೆನ್ ಯಾವಾಗಲೂ ಇರುತ್ತವೆ. ತಿರುಗಾಟ ಬೇಕು ಅಂತ ಹಠ ಮಾಡಿದರೆ ಬೆಂಗಳೂರಿನ ಮಾಲ್ ಅಲ್ಲ, ಅಂತರಗಂಗೆ. ಮೆಟ್ಟಿಲು ಹತ್ತಿ ಬಸವನ ಬಾಯಿಂದ ಬೀಳುವ ನೀರು ಕುಡಿದು ಇಳಿದರೆ ಹಸಿವು ಚೆನ್ನಾಗಿ ಆಗಿರುತ್ತದೆ. ಬುತ್ತಿಯಲ್ಲಿ ಚಿತ್ರಾನ್ನ. ಇಲ್ಲವೆಂದರೆ ಬಂಗಾರಪೇಟೆಗೆ ಬಸ್ಸು ಹತ್ತಿ, ಅಲ್ಲಿನ ತಿಳಿ ನೀರಿನ ಪಾನಿಪೂರಿ. ನೋಡೋಕೆ ಬರೀ ನೀರು, ಬಾಯಿಗೆ ಹಾಕಿದರೆ ಖಾರ ನೆತ್ತಿಗೇರುತ್ತದೆ. ಮಕ್ಕಳಿಗೆ ಮಾಲ್‌ಗಿಂತ ಇದೇ ಇಷ್ಟ ಅಂತ ನಾನು ಬರೆದರೆ ಸುಳ್ಳಾಗುತ್ತದೆ. ಮಗಳಿಗೆ ಇಷ್ಟ, ಮಗನಿಗೆ ಮಾಲೇ ಬೇಕು.

ಮುಯ್ಯಿ ಮಾತ್ರ ಯಾವ ಲೆಕ್ಕಕ್ಕೂ ಬಗ್ಗಲ್ಲ. ಮದುವೆ ತಿಂಗಳು ಬಂದರೆ ಅತ್ತೆ ಹಳೇ ಪುಸ್ತಕ ತೆಗೆಯುತ್ತಾರೆ. ನಮ್ಮ ಮದುವೆಗೆ ಯಾರು ಎಷ್ಟು ಹಾಕಿದ್ದರು ಅಂತ ಎಲ್ಲ ಬರೆದಿದೆ. 101 ಹಾಕಿದವರಿಗೆ ಇಷ್ಟು ವರ್ಷದ ಮೇಲೆ 101 ಕೊಟ್ಟರೆ ಮರ್ಯಾದೆ ಇರಲ್ಲ, ಮೇಲೆ ಸೇರಿಸಬೇಕು. ಎಷ್ಟು ಸೇರಿಸಬೇಕು ಅನ್ನೋದು ಅತ್ತೆಗೆ ಮಾತ್ರ ಗೊತ್ತು. ಇದು ಖರ್ಚೋ ಸಾಲ ತೀರಿಸೋದೋ ನನಗೆ ಇನ್ನೂ ಬಗೆಹರಿದಿಲ್ಲ. ಮಗಳ ಮದುವೆಗೆ ವಾಪಸ್ ಬರುತ್ತೆ ಅಂತಾರೆ ಅತ್ತೆ. ಅವಳಿನ್ನೂ ಆರನೇ ಕ್ಲಾಸು.

ಕೊನೆಗೆ ಗುಡ್ಡೆ ಮಾಂಸದ ಚೀಟಿ. ಇದನ್ನು ಗೊತ್ತಿಲ್ಲದವರಿಗೆ ಹೇಳಬೇಕು. ಯುಗಾದಿ ಮಾರನೇ ದಿನ ಹೊಸತೊಡಕು. ಅವತ್ತು ಮಾಂಸದಂಗಡಿ ಮುಂದೆ ಬೆಳಗಿನ ಜಾವದಿಂದ ಕ್ಯೂ, ರೇಟು ಅಂಗಡಿಯವರ ಇಷ್ಟ. ಅದಕ್ಕೇ ನಮ್ಮ ಬೀದಿಯ ಮನೆಗಳೆಲ್ಲ ಸೇರಿ ವರ್ಷವಿಡೀ ವಾರವಾರ ಇಷ್ಟಿಷ್ಟು ಕಟ್ಟುತ್ತವೆ. ಒಬ್ಬರು ಪುಸ್ತಕ ಇಡುತ್ತಾರೆ. ಕೂಡಿದ ದುಡ್ಡನ್ನು ಬೇಕಾದವರಿಗೆ ಬಡ್ಡಿಗೂ ಬಿಡುತ್ತಾರೆ, ಬಡ್ಡಿಯೂ ಚೀಟಿಗೇ ಸೇರುತ್ತದೆ. ಯುಗಾದಿಗೆ ಮೊದಲೇ ಸಂತೆಗೆ ಹೋಗಿ ಕುರಿ ತಂದು ಕಟ್ಟುತ್ತಾರೆ. ಹೊಸತೊಡಕಿನ ಬೆಳಗ್ಗೆ ಟಾರ್ಪಾಲ್ ಹಾಸಿ, ಮನೆಗೊಂದು ಗುಡ್ಡೆ. ಪ್ರತಿ ಗುಡ್ಡೆಗೂ ಸ್ವಲ್ಪ ತೊಡೆ, ಸ್ವಲ್ಪ ಪಕ್ಕೆಲುಬು, ಒಂದು ತುಂಡು ಈಲಿ, ಒಂದಿಷ್ಟು ಬೋಟಿ, ಮೂಳೆ. ತಲೆ, ಕಾಲು ಬೇರೆ, ಅವು ಹರಾಜಿಗೆ. ಗುಡ್ಡೆ ಹಾಕಿದವರಿಗೆ ಯಾವುದು ಯಾರದು ಅಂತ ಗೊತ್ತಿರಬಾರದು. ಚೀಟಿ ಎತ್ತಿದ ಮೇಲೇ ಗುಡ್ಡೆ ಯಾರದು ಅಂತ ತೀರ್ಮಾನ. ಬರೀ ಮೆತ್ತಗಿರೋದು ಕೊಡಿ, ಮೂಳೆ ತೆಗೆದು ಕೊಡಿ ಅಂತ ಕೇಳುವ ಹಾಗಿಲ್ಲ. ಯಾರಿಗೂ ಇದೇ ಬೇಕು ಅನ್ನುವ ಅವಕಾಶ ಇಲ್ಲದಿರುವುದರಿಂದಲೇ ಎಲ್ಲರಿಗೂ ಅಂಗಡಿಗಿಂತ ಅಗ್ಗಕ್ಕೆ ಬೀಳುತ್ತದೆ.

ಅದೇ ಚೀಟಿಯ ಹೆಸರಲ್ಲಿ ಟೋಪಿ ಹಾಕುವವರೂ ಇದ್ದಾರೆ. ಪಕ್ಕದ ಬಡಾವಣೆಯಲ್ಲಿ ಒಬ್ಬ ದೀಪಾವಳಿ ಚೀಟಿ ನಡೆಸುತ್ತಿದ್ದ. ತಿಂಗಳು ತಿಂಗಳು ಕಟ್ಟಿದರೆ ಹಬ್ಬಕ್ಕೆ ಎಣ್ಣೆ, ಬೇಳೆ, ಸಕ್ಕರೆ, ಒಂದು ಬೆಳ್ಳಿ ನಾಣ್ಯ ಅಂತ ಬಣ್ಣದ ಕಾರ್ಡ್ ಹಂಚಿದ್ದ. ಹಬ್ಬ ಹತ್ತಿರ ಬರುತ್ತಿದ್ದ ಹಾಗೆ ಫೋನ್ ಸ್ವಿಚ್ ಆಫ್, ಮನೆಗೆ ಬೀಗ. ಕಟ್ಟಿದವರಲ್ಲಿ ನಮ್ಮ ಮನೆಯ ದುಡ್ಡೂ ಸ್ವಲ್ಪ ಇತ್ತು. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ನಡೆಸೋಕೆ ನೋಂದಣಿ ಬೇಕು. ಆ ಬಣ್ಣದ ಕಾರ್ಡಿನಲ್ಲಿ ನೋಂದಣಿ ನಂಬರ್ ಇತ್ತಾ ಅಂತ ಯಾರೂ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಗುಡ್ಡೆ ಚೀಟಿಗೂ ನೋಂದಣಿ ಇಲ್ಲ. ಪುಸ್ತಕ ಇಟ್ಟವರ ಮನೆ ನಮ್ಮ ಮನೆಯ ಎದುರಿಗಿದೆ, ಅದೇ ಭದ್ರತೆ.

ಅತ್ತೆಗೆ ಗೃಹಲಕ್ಷ್ಮಿಯ 2 ಸಾವಿರ ಬರುತ್ತದೆ, ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಅವರೇ. ಈ ಸಲ ನಾನು ಹೇಳಿದೆ, ಅದರಲ್ಲಿ ಸ್ವಲ್ಪ ಪೋಸ್ಟಾಫೀಸಿನ ಆರ್‌ಡಿಗೆ ಹಾಕೋಣ ಅಂತ. ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, 5 ವರ್ಷದ್ದು. 2023ರ ಅಕ್ಟೋಬರ್‌ನಲ್ಲಿ ಬಡ್ಡಿಯನ್ನು ಶೇಕಡಾ 6.7ಕ್ಕೆ ಏರಿಸಿದ್ದಾರೆ. ಫೋನ್ ಸ್ವಿಚ್ ಆಫ್ ಆಗೋ ಭಯ ಇಲ್ಲ. ಎಲ್ಲ ಬಿಡಿಸಿ ಹೇಳಿದೆ. ಅತ್ತೆ ಪೂರ್ತಿ ಕೇಳಿದರು. ಅವರೆಕಾಯಿ ಸಿಪ್ಪೆ ಒಟ್ಟುಮಾಡುತ್ತಾ, "ಎಲ್ಲ ಸರಿ ಕಣಮ್ಮ, ಪೋಸ್ಟಾಫೀಸಿನವರು ಹೊಸತೊಡಕಿಗೆ ಕುರಿ ಕೊಡ್ತಾರಾ?" ಅಂದರು.

ಎರಡಕ್ಕೂ ಕಟ್ಟುತ್ತಿದ್ದೇವೆ.